ಆನೆ ಲದ್ದಿ ಕಂಡರೆ ಸಾಕು

ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಲೈನ್ ಮನೆಗಳ ಮುಂದೆ ನಿಂತು ನಾನು ಬಸುರಿಯರಿಗೆ ಹೇಳುತ್ತಿದ್ದೆ. ನರ್ಸ್ ಕೆಲಸವೇ ಅದು. "ಹೊಟ್ಟೆಯೊಳಗೆ ಮಗು ಆಡೋದು ಕಡಿಮೆಯಾದ್ರೆ ನೋವು ಬರಲಿ ಅಂತ ಕಾಯಬೇಡಿ. ಕಾದ್ರೆ ಮಗು ಒಳಗೇ ತೀರಿಕೊಳ್ಳಬಹುದು. ತಕ್ಷಣ ಆಸ್ಪತ್ರೆಗೆ ಬನ್ನಿ."

ಕೆಲಸ ನೋಡಿಕೊಳ್ಳುವ ರೈಟರ್ ಕುಶಾಲಪ್ಪ ನಕ್ಕರು. "ದಿನ ತುಂಬಿದ ಮೇಲೆ ಮಗು ಆಡೋದು ಕಡಿಮೆಯೇ ಸಿಸ್ಟರ್. ಪಿಕ್ಕಿಂಗ್ ಟೈಮಲ್ಲಿ ಅದಕ್ಕೆಲ್ಲ ಜೀಪು ಕಳಿಸೋಕಾಗ್ತದಾ?"

"ಕಡಿಮೆಯಾಗಬಾರದು. ಅದಿರಲಿ, ತೋಟದಲ್ಲಿ ಆನೆಯ ಹಸಿ ಲದ್ದಿ ಕಂಡ್ರೆ ಏನ್ಮಾಡ್ತೀರಿ?"

"ಕೆಲಸ ನಿಲ್ಲಿಸಿ ಎಲ್ಲರನ್ನೂ ಜೀಪು ಹತ್ತಿಸ್ತೇನೆ."

"ಆನೆ ಕಾಣೋ ತನಕ ಕಾಯಲ್ವಾ?"

ಹೆಂಗಸರು ನಕ್ಕರು. ರೈಟರ್ ನಗಲಿಲ್ಲ.

ಮುಂದಿನ ವಾರ ಅದೇ ಜೀಪು ಆಸ್ಪತ್ರೆಗೆ ಬಂತು. ಬಸುರಿ ಸೆಲ್ವಿಯ ಜೊತೆ ಕುಶಾಲಪ್ಪನವರೂ ಇಳಿದರು. "ಬೆಳಗ್ಗಿನಿಂದ ಮಗು ಸರಿಯಾಗಿ ಆಡಿಲ್ಲವಂತೆ." ಡಾಕ್ಟರು ಪರೀಕ್ಷೆ ಮಾಡಿದರು. ಎದೆಬಡಿತ ಚೆನ್ನಾಗಿತ್ತು, ಸ್ವಲ್ಪ ಹೊತ್ತಿಗೆ ಮಗು ಒದೆಯಲೂ ಶುರು ಮಾಡಿತು. ಸೆಲ್ವಿ ನಾಚಿದಳು. "ಸುಮ್ಮನೆ ಬಂದ ಹಾಗಾಯ್ತು."

ನಾನು ಬಾಯಿ ತೆರೆಯುವ ಮೊದಲೇ ಕುಶಾಲಪ್ಪ ಹೇಳಿದರು: "ಇರ್ಲಿ ಬಿಡಮ್ಮ. ಲದ್ದಿ ನೋಡಿ ವಾಪಸ್ ಬಂದ ಮೇಲೆ ಆನೆ ಬರ್ಲಿಲ್ಲ ಅಂತ ಯಾರಾದ್ರೂ ಬೇಜಾರು ಮಾಡ್ಕೊಳ್ತಾರಾ?"

ಆ ಆನೆಯ ಮಾತು ಈಗ ಎಸ್ಟೇಟಿನಲ್ಲೆಲ್ಲ ಅವರ ಹೆಸರಲ್ಲೇ ಓಡಾಡುತ್ತಿದೆ. ಓಡಾಡಲಿ. ಜೀಪಿನ ಕೀ ಇರುವುದೂ ಅವರ ಜೇಬಿನಲ್ಲೇ.