ಕೈ ಬಿಟ್ಟು ಹಾಡಿದ ಪ್ರೇಮಗೀತೆ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಮುಂಬಯಿಯ ನಮ್ಮ ಲೋಕಲ್ ರೈಲು ಘಾಟ್ಕೋಪರ್ ಸ್ಟೇಷನ್ ಬಿಟ್ಟು ವೇಗ ಹಿಡಿಯುತ್ತಿದ್ದಾಗ, ಬಾಗಿಲಲ್ಲಿ ನಿಂತಿದ್ದ ನನ್ನ ತಮ್ಮ ವಸಂತ ಕಂಬಿಯಿಂದ ಎರಡೂ ಕೈ ತೆಗೆದ. ಗಿಟಾರ್ ಬಾರಿಸಲು! ಗಿಟಾರ್ ಎಲ್ಲಿತ್ತು? ಹೊಟ್ಟೆಯ ಮುಂದೆ ಬರೀ ಗಾಳಿ. ದೇಶದೇಶಗಳಲ್ಲಿ ಹೆಸರಾದ ಸ್ಪ್ಯಾನಿಷ್ ಪ್ರೇಮಗೀತೆಯೊಂದು ಇರಾನಿ ಹೋಟೆಲಿನ ಗ್ರಾಮಫೋನಿನಿಂದ ಅವನ ತಲೆಗೇರಿ ತಿಂಗಳಾಗಿತ್ತು. ಕಣ್ಣು ಮುಚ್ಚಿ ಹಾಡುತ್ತಿದ್ದವನು ಡಬ್ಬಿ ಕುಲುಕಿದ್ದೇ ತಡ, ಹೊರಕ್ಕೆ ವಾಲಿದ. ಎದುರಿಗೆ ಸಿಗ್ನಲ್ ಕಂಬ ಬರುತ್ತಿತ್ತು.

ಪಕ್ಕದಲ್ಲಿದ್ದ ಬಿಜಾಪುರದ ಬಟ್ಟೆ ವ್ಯಾಪಾರಿ, ನಾವು ದಿನವೂ ಕಾಕಾ ಎಂದು ಕರೆಯುವವರು, ಅವನ ಕಾಲರ್ ಹಿಡಿದು ಒಳಗೆಳೆದರು. ಕಂಬ ಸರ್ರನೆ ಹಿಂದೆ ಹೋಯಿತು.

"ಏನಂತೈತಿ ತಮ್ಮಾ ನಿನ್ನ ಹಾಡು?" ಕಾಕಾ ಏದುಸಿರಿನಲ್ಲೇ ಕೇಳಿದರು.

"'ನನ್ನ ಕೈ ಬಿಡಬ್ಯಾಡ' ಅಂತ ಹುಡುಗಿಗಿ ಹೇಳೂದ್ರಿ ಕಾಕಾ. ಅರ್ಥ ಗೋವಾದ ಗೆಳ್ಯಾ ಹೇಳ್ಯಾನ," ವಸಂತ ತೊದಲಿದ.

"ಆಕಿಗಿ ಆಮ್ಯಾಲ ಹೇಳೀಯಂತ. ಮೊದಲ ಈ ಬಾಗಲ ಕಂಬಿಗಿ ಹೇಳು!"

ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅಂದಿನಿಂದ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಆ ಕಂಬ ಬರುತ್ತಲೇ ಇತ್ತು. ಪಕ್ಕದ ಹಾಸಿಗೆಯಲ್ಲಿ ವಸಂತನೂ ಹೊರಳಾಡುತ್ತಿದ್ದ.

ಮೊನ್ನೆ ಭಾನುವಾರ ನಾವಿರುವ ಸಾಲುಮನೆಗಳ ಚಾಳಿನ ಒಂದೇ ಒಂದು ರೇಡಿಯೊದಲ್ಲಿ ಅದೇ ಹಾಡು ಬಂತು. ವಸಂತ ಎದ್ದು ನಿಂತು, ಒಂದು ಕೈಯಲ್ಲಿ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಕೊನೆಯವರೆಗೆ ಹಾಡಿದ. ಅಂದು ರಾತ್ರಿ ನಾವಿಬ್ಬರೂ ಬೆಳಗಾಗುವವರೆಗೆ ನಿದ್ದೆ ಮಾಡಿದೆವು.