ವಿಮೆಯ ಫಾರಂನಲ್ಲಿ ನಾನು ಬರೆಸಿದ ‘ಇಲ್ಲ’

‘ಇಲ್ಲ’ ಅಂತ ಬರೆಯಿರಿ ಎಂದವಳು ನಾನೇ. ಬೇರೆ ಯಾರ ಮೇಲೂ ತಪ್ಪು ಹೊರಿಸಲು ಬರುವುದಿಲ್ಲ.

ತೊಂಬತ್ತರ ದಶಕದ ಶುರು. ದಿಬ್ಬೂರಹಳ್ಳಿ ಹತ್ತಿರದ ನಮ್ಮ ಊರು. ಮಗಳು ಮಂಜುಳಾ ಜಪಾನಿನಲ್ಲಿ ನಮ್ಮ ಮನೆಕಸುಬಾದ ರೇಷ್ಮೆ ವಿಷಯದಲ್ಲೇ ಎಂ.ಎಸ್ಸಿ. ಮುಗಿಸಿ ಬಂದು ತಿಂಗಳೂ ಆಗಿರಲಿಲ್ಲ. ಸ್ಕಾಲರ್‌ಶಿಪ್ ಮೇಲೆ ಹೋದವಳು. ನಾನು ಎಷ್ಟು ಬೀಗಿರಬೇಕು, ನೀವೇ ಯೋಚಿಸಿ.

ಅವಳಿಗೆ ಮೂರನೇ ವರ್ಷದಿಂದ ಉಬ್ಬಸ. ಹುಳು ಸಾಕುವ ಮನೆಯಲ್ಲೇ ಬೆಳೆದ ಮಗು. ಇದು ನನಗೆ, ನಮ್ಮ ಯಜಮಾನರಿಗೆ ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶೀತದ ಮೈ, ಕೆಮ್ಮು ಎಂದೇ ಹೇಳಿಕೊಂಡು ಬಂದಿದ್ದೆ. ಉಬ್ಬಸದ ಹುಡುಗಿ ಎಂದು ಹೆಸರು ಬಿದ್ದರೆ ಅವಳ ತಂಗಿಗೂ ಸಂಬಂಧ ಬಾರದ ಕಾಲ ಅದು.

ಜಪಾನಿನಲ್ಲಿ ಓದುವಷ್ಟು ದಿನ ಅಲ್ಲಿನ ಸರ್ಕಾರದ ವಿಮೆ ಇತ್ತಂತೆ. ಎರಡು ಸಲ ಆಸ್ಪತ್ರೆ ಸೇರಿದಾಗಲೂ ಅದೇ ಕಾಪಾಡಿತು. ಓದು ಮುಗಿದ ಮೇಲೆ ಆ ಕಾರ್ಡ್ ವಾಪಸ್ ಕೊಟ್ಟು ಬಂದಿದ್ದಳು.

ಇಲ್ಲಿ ಬಂದವಳು ಮೊದಲು ಕೇಳಿದ್ದೇ ಅದು. “ಅಮ್ಮ, ಇಲ್ಲಿ ಅಂಥದ್ದು ಕಮ್ಮಿ ಖರ್ಚಲ್ಲಿ ಏನಾದ್ರೂ ಸಿಗುತ್ತಾ?”

ನಮಗೇನು ಗೊತ್ತು. ಜೀವವಿಮೆ ಗೊತ್ತು, ಹಸುವಿನ ವಿಮೆ ಗೊತ್ತು. ಆಸ್ಪತ್ರೆ ಖರ್ಚಿಗೂ ವಿಮೆ ಇದೆ ಎಂದು ಕೇಳಿದ್ದೇ ಆಗ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಲ್ಲ ಕಡೆ ವಿಚಾರಿಸಿದ ಮೇಲೆ, ಕೈಗೆಟುಕುವ ಪಾಲಿಸಿ ಮಾಡಿಸುತ್ತಾರೆ ಅಂತ ಸಿಕ್ಕಿದವರು ಚಿಂತಾಮಣಿಯ ವೆಂಕಟರವಣಪ್ಪನವರು. ಹಸುವಿಗೆ, ಲಾರಿಗೆ ವಿಮೆ ಮಾಡಿಸುವ ಏಜೆಂಟ್.

ತೊಂದರೆ ಏನೆಂದರೆ, ಮಂಜುಳಾಗೆ ನೋಡಿದ್ದ ಹುಡುಗನ ಸೋದರಮಾವ ಅವರೇ...

ಮನೆಗೆ ಬಂದವರು ಕಾಫಿ ಕುಡಿದು, ನಡುಮನೆಯಲ್ಲಿ ಫಾರಂ ಹರಡಿಕೊಂಡು ಕೂತರು. “ಹಸುಗಾದ್ರೆ ಡಾಕ್ಟ್ರು ಬಂದು ಬಾಯಿ ಬಿಚ್ಚಿ ನೋಡಿ, ಕಿವಿಗೆ ನಂಬರ್ ಓಲೆ ಹೊಡೀತಾರಕ್ಕ. ಮನುಷ್ರಿಗೆ ಅದೆಲ್ಲ ಇಲ್ಲ, ಬಾಯಿಮಾತಿನ ಮೇಲೇ ನಂಬ್ಕೆ,” ಎಂದು ನಕ್ಕರು. ನಾವೂ ನಕ್ಕೆವು.

ಆಮೇಲೆ ಆ ಪ್ರಶ್ನೆ ಓದಿದರು. ಹಿಂದೆ ಏನಾದರೂ ಕಾಯಿಲೆ ಇತ್ತೇ? ಈಗ ಇದೆಯೇ?

ಮಂಜುಳಾ ಬಾಯಿ ತೆರೆದಳು. ನಾನು ಮಧ್ಯೆ ಬಂದೆ. “ಏನೂ ಇಲ್ಲ ವೆಂಕಟರವಣಪ್ಪನೋರೆ. ಇಲ್ಲ ಅಂತ ಬರೀರಿ.”

“ಅಮ್ಮ, ಅದು...”

“ಸುಮ್ನಿರೇ. ದೊಡ್ಡೋರು ಮಾತಾಡ್ವಾಗ ಬಾಯಿ ಹಾಕ್ಬೇಡ.”

ಜಪಾನ್ ನೋಡಿ ಬಂದವಳು, ನನ್ನ ಮಾತು ಮೀರಲಿಲ್ಲ. ತಲೆ ತಗ್ಗಿಸಿ ಸಹಿ ಹಾಕಿದಳು. ಅವತ್ತು ನನಗೆ ಅದೂ ಒಂದು ಹೆಮ್ಮೆ.

ಅವರು ಹೋದ ಮೇಲೆ ಮೆಲ್ಲಗೆ ಹೇಳಿದಳು. “ಬರೆಸಿದ್ರೆ ಉಬ್ಬಸ ಒಂದಕ್ಕೆ ವಿಮೆ ದುಡ್ಡು ಸಿಗ್ತಿರ್ಲಿಲ್ಲ ಅಮ್ಮ. ಮಿಕ್ಕಿದ್ದಕ್ಕೆಲ್ಲ ಇರ್ತಿತ್ತು.” ಮದುವೆ ಆಗಲಿ, ಆಮೇಲೆ ಗಂಡನ ಹತ್ತಿರ ಹೇಳಿಕೋ ಎಂದೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಅವಳಿಗೆ ಕೆಲಸ ಸಿಕ್ಕಿತು. ಗೂಡಿನಿಂದ ಹೊರಬಂದ ಚಿಟ್ಟೆಗಳು ರೆಕ್ಕೆ ಬಡಿದರೆ ಸಣ್ಣ ಪುಡಿ ಏಳುತ್ತದೆ. ಕೆಲವು ತಿಂಗಳು ಹೇಗೋ ತಡೆದುಕೊಂಡಳು. ಒಂದು ಮಧ್ಯಾಹ್ನ ಅಲ್ಲೇ ಕುಸಿದಳು.

ಬೆಂಗಳೂರಿನ ಆಸ್ಪತ್ರೆ. ಮಗಳ ತುಟಿ ನೀಲಿಯಾಗಿದೆ. ಎಷ್ಟು ದಿನದಿಂದ ಇದು ಎಂದು ಡಾಕ್ಟರು ಕೇಳುತ್ತಾರೆ. “ಮೂರ್ ವರ್ಷದ ಮಗು ಇದ್ದಾಗ್ನಿಂದ ಸ್ವಾಮಿ, ಹೇಗಾದ್ರೂ ಮಾಡಿ ಉಳಿಸ್ಕೊಡಿ,” ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ನಾನು ನೋಡುತ್ತಲೇ ನಿಂತಿದ್ದೇನೆ.

ಮಗಳನ್ನು ಉಳಿಸಿ ಕೊಟ್ಟರು.

ಆಮೇಲೆ ವಿಮಾ ಕಂಪನಿಯ ಕಾಗದ ಬಂತು, ಇಂಗ್ಲಿಷಿನಲ್ಲಿ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಓದಿದೆ, ಪೂರ್ತಿ ಅರ್ಥ ಆಗಲಿಲ್ಲ. ಮಂಜುಳಾ ಓದಿ ಹೇಳಿದಳು. ಕಾಯಿಲೆ ಮುಚ್ಚಿಟ್ಟಿದ್ದೀರಿ, ಹಣ ಕೊಡುವುದಿಲ್ಲ, ಪಾಲಿಸಿ ರದ್ದು. ಬೇರೆ ಯಾರದೋ ಮನೆಯ ಪತ್ರ ಓದುವ ಹಾಗೆ ಓದಿದಳು.

ವೆಂಕಟರವಣಪ್ಪನವರು ಬಂದರು. ಆಫೀಸಿನಲ್ಲಿ ಅವರಿಗೂ ಬೈದಿದ್ದರಂತೆ. ಜಗಲಿಯ ಮೇಲೆ ಕೂರಲಿಲ್ಲ, ಕೊಟ್ಟ ನೀರು ಮುಟ್ಟಲಿಲ್ಲ.

“ನನ್ಹತ್ರ ಹೇಳ್ಬೋದಿತ್ತಲ್ಲಕ್ಕ. ನಮ್ಮನ್ನ ಹೊರಗ್ನೋರು ಅಂದ್ಕೊಂಡ್ರಾ?”

ನಾನು ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದೆ. ತಪ್ಪಾಯಿತು ಎಂದು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಆ ಸಂಬಂಧವೂ ಅಲ್ಲಿಗೇ ನಿಂತಿತು.

ಆದರೂ ಸುಮ್ಮನೆ ಕೂರುವವಳಲ್ಲ ನಾನು. ಮಗಳನ್ನು ಚಿಕ್ಕಬಳ್ಳಾಪುರಕ್ಕೆ, ಇನ್ನೊಂದು ಕಂಪನಿಯ ಆಫೀಸಿಗೆ ಕರೆದುಕೊಂಡು ಹೋದೆ. ಈ ಸಲ ಉಬ್ಬಸ ಅಂತಲೇ ಬರೆಸಿದೆ. ಅಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ.

ಅದರ ಕೆಳಗೆ ಮತ್ತೊಂದು ಪ್ರಶ್ನೆ ಇತ್ತು. ಈ ಮೊದಲು ಯಾವುದಾದರೂ ಕಂಪನಿ ನಿಮ್ಮ ಪಾಲಿಸಿಯನ್ನು ರದ್ದು ಮಾಡಿದೆಯೇ?

ನಾನು ಮಗಳ ಮುಖ ನೋಡಿದೆ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಒಪ್ಪಿಕೊಳ್ಳುತ್ತೇನೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ‘ಹೌದು’ ಎಂದು ಬರೆದಳು.

ಆಫೀಸರ್ ಓದಿ, ಫಾರಂ ವಾಪಸ್ ಕೊಟ್ಟರು. “ಕಷ್ಟ ಆಗುತ್ತಮ್ಮ.” ಅಷ್ಟೇ.

ಆಮೇಲೆ ಎಷ್ಟೋ ಕಂಪನಿಗಳು ಬಂದವು. ಫೋನಿನಲ್ಲೇ ಮಾಡಿಸುತ್ತೇವೆ ಎನ್ನುವವರೂ ಬಂದರು. ಆ ಪ್ರಶ್ನೆ ಇಲ್ಲದ ಫಾರಂ ನಾವು ನೋಡಲಿಲ್ಲ. ಕೆಲವರು ಒಪ್ಪಿದರೂ ಕೇಳಿದ ಹಣ ನಮ್ಮಿಂದ ಆಗುವಂಥದ್ದಲ್ಲ.

ಮಂಜುಳಾಗೆ ಈಗ ಐವತ್ತು ದಾಟಿದೆ. ಮದುವೆ ಆಗಲಿಲ್ಲ. ಗರ್ಭಕೋಶದ ಆಪರೇಷನ್ ಆಗಬೇಕು ಎಂದಿದ್ದಾರೆ. ಈ ಹಬ್ಬ ಆಗಲಿ, ಆ ಹಬ್ಬ ಆಗಲಿ ಎಂದು ಮುಂದೂಡುತ್ತಾ ಇದ್ದಾಳೆ... ಯಾಕೆ ಎಂದು ನಾನು ಕೇಳುವುದಿಲ್ಲ. ನನಗೆ ಗೊತ್ತು.

ಸಮಾಧಾನ ಹೇಳಬೇಡಿ, ಕಾಮೆಂಟಿನಲ್ಲಿ ಕೈಮುಗಿಯುವ ಚಿತ್ರ ಹಾಕಬೇಡಿ. ಇಷ್ಟು ಹೇಳಿ ಸಾಕು: ಮಗಳ ಮದುವೆಗೆ ಹೆದರಿ ಅವಳ ಕಾಯಿಲೆ ಮುಚ್ಚಿಟ್ಟ ತಾಯಂದಿರು ಇಲ್ಲಿ ಇನ್ನೂ ಎಷ್ಟು ಜನ ಇದ್ದೀರಿ?