ಚೌಕಟ್ಟಿಗೆ ಕೊಟ್ಟ ಕಾಲು

ಊರವರ ಬಾಗಿಲುಗಳನ್ನೆಲ್ಲ ನೆಟ್ಟಗೆ ಮಾಡುವ ಬಡಗಿಯ ಮನೆಯ ಚೌಕಟ್ಟೇ ಬುಡದಲ್ಲಿ ಕೊಳೆತಿತ್ತು. ಬೀದಿಯವರು ನೋಡಿ ನಗುತ್ತಿದ್ದರು, ಹೆಂಡತಿ ಮಾತ್ರ ನಗುತ್ತಿರಲಿಲ್ಲ. ಪರರ ಮನೆಯಲ್ಲಿ ಉಳಿ ಹಿಡಿದು ಮೆರೆಯುವ ಮನುಷ್ಯನಿಗೆ ಸ್ವಂತ ಬಾಗಿಲ ಹತ್ತಿರ ಬಂದರೆ ಕೈ ಸೋತುಹೋಗುತ್ತದೆ, ಶುದ್ಧ ಸೋಮಾರಿ ಎಂದು ಹನ್ನೊಂದು ವರ್ಷದಿಂದ ಹಾಡಿದ್ದೇ ಹಾಡುತ್ತಿದ್ದಳು. ಬಡಗಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅದಕ್ಕೆ ಕಾರಣ ಮಾವ. ಮರದ ಡಿಪೋದಲ್ಲಿ ಮೂವತ್ತು ವರ್ಷ ಮೇಲ್ವಿಚಾರಕರಾಗಿದ್ದವರು. ಮರ ಕಂಡಲ್ಲೆಲ್ಲ ಬೆರಳು ಮಡಿಸಿ ತಟ್ಟಿ, ಕಿವಿ ಕೊಟ್ಟು ಕೇಳಿ, ತೀರ್ಪು ಕೊಡುವುದು ಅವರ ಚಟ. ಡಾಕ್ಟರು ಇವರ ಎದೆ ತಟ್ಟುವ ಮೊದಲೇ ಇವರು ಡಾಕ್ಟರ ಮೇಜು ತಟ್ಟಿರುತ್ತಿದ್ದರು. ಮಗಳ ಮದುವೆಗೆ ಒಂದು ಚೌಕಟ್ಟಿಗಾಗುವಷ್ಟು ಮರ ಉಡುಗೊರೆ ಕೊಟ್ಟು, ಕುರ್ಚಿ ಹತ್ತಿ ನಿಂತು ಭಾಷಣವನ್ನೂ ಮಾಡಿದ್ದರು. ಇದು ಅಪ್ಪಟ ಚೇಗು, ಮರದ ನಟ್ಟನಡುವಿನ ತಿರುಳು, ನೂರು ವರ್ಷ ನೀರಲ್ಲಿಟ್ಟರೂ ಜಗ್ಗುವುದಿಲ್ಲ ಎಂದಿದ್ದರು. ಮದುಮಗಳು ಹೆಮ್ಮೆಯಿಂದ ಅತ್ತೇಬಿಟ್ಟಿದ್ದಳು.

ಮದುಮಗ ಆ ಮರಕ್ಕೆ ಉಳಿ ಹಾಕಿದ ದಿನ ಗುಟ್ಟು ಬಯಲಾಗಿತ್ತು. ಚೇಗೂ ಇಲ್ಲ, ಗೀಗೂ ಇಲ್ಲ, ತೊಗಟೆಗೆ ತಾಗಿದ ಬಿಳಿ ಮೆದು ಮರ. ಹೇಳುವುದು ಹೇಗೆ? ಅವನ ಹೆಂಡತಿಯ ಪ್ರಕಾರ ಅಪ್ಪನಿಗೆ ಲೋಕದಲ್ಲಿ ಎರಡೇ ವಿಷಯ ಗೊತ್ತು, ಒಂದು ಮರ, ಇನ್ನೊಂದು ಮಿಕ್ಕಿದ್ದೆಲ್ಲ. ಮಾವನ ಮಾನ ಹೋಗುವುದಕ್ಕಿಂತ ತಾನು ಸೋಮಾರಿ ಎನಿಸಿಕೊಳ್ಳುವುದೇ ಮೇಲು ಎಂದು ಬಾಯಿಗೆ ಬೀಗ ಹಾಕಿಕೊಂಡು, ಮೂರು ಕೈ ಬಣ್ಣ ಬಳಿದ.

ಎರಡನೇ ಮಳೆಗಾಲಕ್ಕೇ ಬುಡ ಮೆತ್ತಗಾಯಿತು. ಮಾವ ವರ್ಷಕ್ಕೊಮ್ಮೆ ಬರುವವರು, ಅವರು ಬರುವ ಮುಂಚೆ ಗುಟ್ಟಾಗಿ ಚಿಕಿತ್ಸೆ ನಡೆಯುತ್ತಿತ್ತು. ಒಂದು ವರ್ಷ ಮರದ ಹೊಟ್ಟು ಮತ್ತು ಅಂಟು, ಇನ್ನೊಂದು ವರ್ಷ ಸಿಮೆಂಟು, ಮತ್ತೊಂದು ವರ್ಷ ಹಳೇ ಪೇಪರು. ಒಂದು ಸಲ ಅವಸರದಲ್ಲಿ ಸ್ನಾನದ ಸೋಪು ತುರುಕಿ ಬಣ್ಣ ಬಳಿದುಬಿಟ್ಟ. ಮಳೆ ಬಂದಾಗ ಬಾಗಿಲು ನಾಲ್ಕು ದಿನ ನೊರೆ ಕಾರಿತು. ಪುಣ್ಯಕ್ಕೆ ಮಾವನಿಗೂ ಅದೇ ಹನ್ನೊಂದು ವರ್ಷದಿಂದ ಸೊಂಟನೋವು, ಬಗ್ಗಲು ಆಗುತ್ತಿರಲಿಲ್ಲ. ಎದೆಮಟ್ಟದಲ್ಲಿ ತಟ್ಟಿ, ಗಟ್ಟಿಯಾಗಿದೆ ಎಂದು ತೀರ್ಪು ಕೊಟ್ಟು ಒಳಗೆ ಹೋಗುತ್ತಿದ್ದರು. ಮಗಳು ಅವರ ಸೊಂಟಕ್ಕೆ ಮುಲಾಮು ತಿಕ್ಕುತ್ತಿದ್ದಳು.

ಈ ವರ್ಷ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು. ಇನ್ನು ತುಂಬಿ ಪ್ರಯೋಜನವಿರಲಿಲ್ಲ. ಮಾವ ಬರುವುದು ನಾಳೆ. ಹೆಂಡತಿ ಪೇಟೆಗೆ ಹೋದ ಕೂಡಲೇ ಬಡಗಿ ಚೌಕಟ್ಟಿನ ತಲೆಗೆ ಒಂದು ಕಂಬ ಆನಿಸಿ, ಅದರ ಬಲಗಡೆಯ ಕಾಲನ್ನು ಮೊಣಕಾಲೆತ್ತರಕ್ಕೆ ಓರೆಯಾಗಿ ಕೊಯ್ದು ಕೊಳೆತದ್ದನ್ನು ತೆಗೆದ. ಅದೇ ಓರೆಗೆ ಸರಿಯಾಗಿ ನಿಜವಾದ ಚೇಗಿನ ತುಂಡೊಂದನ್ನು ಕೆತ್ತಿದ. ಇನ್ನೇನು ಅಂಟು ಹಚ್ಚಬೇಕು, ಬೀದಿಯ ತುದಿಯಲ್ಲಿ ಮಾವ ಕಂಡರು. ಒಂದು ದಿನ ಮೊದಲೇ ಬಂದಿದ್ದರು, ಬಸ್ ನಿಲ್ದಾಣದಲ್ಲಿ ಸಿಕ್ಕ ಮಗಳು ಅವರ ಚೀಲ ಹಿಡಿದು ಬರುತ್ತಿದ್ದಳು.

ಬಡಗಿ ಗಡಬಡಿಸಿ ಎದ್ದ. ಹೊಸ ತುಂಡನ್ನು ಬಾಗಿಲ ಹಿಂದೆ ಎಸೆದ. ಆನಿಸಿದ ಕಂಬಕ್ಕೆ ತನ್ನ ಅಂಗಿ ಬಿಚ್ಚಿ ತೊಡಿಸಿದ. ಕೊಯ್ದ ಜಾಗಕ್ಕೆ ಬೇರೇನೂ ತೋಚದೆ ತನ್ನ ಬಲಗಾಲನ್ನೇ ಇಟ್ಟು ನಿಂತ. ವರ್ಷವರ್ಷವೂ ಬಣ್ಣ ಚೆಲ್ಲಿಸಿಕೊಂಡ ಅವನ ಪ್ಯಾಂಟೂ ಚೌಕಟ್ಟಿನ ಬಣ್ಣಕ್ಕೇ ತಿರುಗಿತ್ತು.

ಮಾವ ಒಳಗೆ ಹೋಗಿ ಕೂತು, ಬನ್ನಿ ಎಂದು ಕರೆದರು. ನಿಂತಿರಲು ಡಾಕ್ಟರು ಹೇಳಿದ್ದಾರೆ ಎಂದ. ಹೆಂಡತಿ ಟೀ ತಂದಳು, ನಿಂತೇ ಕುಡಿದ. ಅಂಗಿ ಯಾಕೆ ಕಂಬಕ್ಕೆ ಹಾಕಿದ್ದೀರಿ ಎಂದಳು, ಸೆಖೆ ಎಂದ. ಅರ್ಧ ಗಂಟೆಯಾಗುವಷ್ಟರಲ್ಲಿ ಕಾಲಿಗೆ ಇರುವೆ ಹರಿದಂತಾಗಿ, ಆಮೇಲೆ ಅದು ತನ್ನ ಕಾಲೇ ಅಲ್ಲ ಅನ್ನಿಸತೊಡಗಿತು.

ಆಗ ಮಾವ ಎದ್ದು ಬಂದರು. ಚೌಕಟ್ಟನ್ನು ಎದೆಮಟ್ಟದಲ್ಲಿ ತಟ್ಟಿದರು. ಸ್ವಲ್ಪ ಕೆಳಗೆ ತಟ್ಟಿದರು. ಆಮೇಲೆ ಸರಾಗವಾಗಿ ಬಗ್ಗಿ ಅಳಿಯನ ಮಂಡಿಯನ್ನೇ ಟಕಟಕ ತಟ್ಟಿ ಕಿವಿಗೊಟ್ಟರು.

"ಇದೊಂದು ಗಟ್ಟಿಯಾಗಿದೆ," ಅಂದರು. "ಕಾಲು ತೆಗೀರಿ ಅಳಿಯಂದಿರೇ, ಜೋಮು ಹಿಡಿದಿರುತ್ತೆ."

ಬಡಗಿ ಕಾಲು ತೆಗೆದ. ಮಾವನೇ ನೆಲ ನೋಡುತ್ತ ಬಾಯಿಬಿಟ್ಟರು. ಅವರು ಗುರುತು ಹಾಕಿಟ್ಟಿದ್ದ ಮರ ಡಿಪೋದಲ್ಲಿ ಬೇರೆ ಗಾಡಿ ಹತ್ತಿಬಿಟ್ಟಿತ್ತು, ಅದು ಮದುವೆಯ ದಿನ ಬೆಳಿಗ್ಗೆಯೇ ಅವರಿಗೆ ಗೊತ್ತಾಗಿತ್ತು.

"ಮತ್ತೆ ಭಾಷಣ ಯಾಕೆ ಮಾಡಿದ್ರಿ ಮಾವ?"

"ಬಾಯಿಪಾಠ ಆಗಿಬಿಟ್ಟಿತ್ತಲ್ಲ."

ಆಮೇಲೆ ಪ್ರತಿ ವರ್ಷವೂ ನಿಜ ಹೇಳಬೇಕೆಂದೇ ಬರುತ್ತಿದ್ದರಂತೆ. ಅಳಿಯ ಪಾಡುಪಟ್ಟು ಬಳಿದ ಬಣ್ಣ ಕಂಡು ಬಾಯಿ ಬರುತ್ತಿರಲಿಲ್ಲವಂತೆ. ಬಗ್ಗಿ ನೋಡಿದರೆ ಹೇಳಲೇಬೇಕಾಗುತ್ತದೆಂದು ಬಗ್ಗುತ್ತಿರಲಿಲ್ಲ. ಸೊಂಟಕ್ಕೆ ಏನೂ ಆಗಿರಲಿಲ್ಲ.

ಖಾಲಿ ಲೋಟ ಹಿಡಿದು ನಿಂತಿದ್ದ ಮಗಳು ಅಷ್ಟನ್ನೂ ಕೇಳಿಸಿಕೊಂಡಳು. ಹನ್ನೊಂದು ವರ್ಷ ಒಬ್ಬರನ್ನು ಸೋಮಾರಿ ಎಂದು ಬೈದಿದ್ದಳು, ಇನ್ನೊಬ್ಬರ ನೆಟ್ಟಗಿದ್ದ ಸೊಂಟ ತಿಕ್ಕಿದ್ದಳು. ಮೊದಲು ಗಂಡನ ಕಡೆ ತಿರುಗಿದಳು, ಕಣ್ಣು ತುಂಬಿ ಬಂತು.

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?"

"ನಿಮ್ಮಪ್ಪನ ವಿಷಯ ಅಲ್ವಾ," ಎಂದ ಬಡಗಿ, ಸತ್ತ ಕಾಲನ್ನು ತಿಕ್ಕಿಕೊಳ್ಳುತ್ತ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅಪ್ಪನ ಕಡೆ ತಿರುಗಿದಳು. "ಸೊಂಟ ಚೆನ್ನಾಗಿದೆಯಲ್ಲ ಅಪ್ಪ? ಹಾಗಾದ್ರೆ ಕೂತ್ಕೊಂಡು ಅಂಟು ಹಚ್ಚಿ."

ಮಾವ ಕೂತರು. ಅವರು ಹಚ್ಚಿದರು, ಅಳಿಯ ತುಂಡನ್ನು ಕೂರಿಸಿ ಕೊಡತಿಯಿಂದ ಬಡಿದ. ಓರೆಗೆ ಓರೆ ಕೂತು ಕೂದಲೂ ತೂರದಂತಾಯಿತು. ಮಾವ ಅಭ್ಯಾಸಬಲದಿಂದ ಬೆರಳು ಮಡಿಸಿ, ಮಗಳ ಮುಖ ನೋಡಿ, ಬೆರಳು ಬಿಡಿಸಿದರು.

"ನೀವೇ ತಟ್ಟಿ ಹೇಳಿ ಅಳಿಯಂದಿರೇ," ಅಂದರು. ಆ ಮಾತನ್ನು ಅವರು ಜನ್ಮದಲ್ಲಿ ಯಾರಿಗೂ ಹೇಳಿದವರಲ್ಲ.

ಬಡಗಿ ತಟ್ಟಿದ. ಕಂಚಿನಂಥ ಸದ್ದು ಬಂತು. ಅವನ ಮುಖ ಅರಳಿತು, ಮಾವನದೂ ಅರಳಿತು. ಮಗಳೂ ನಗುತ್ತಲೇ ಬಂದು ನೋಡಿ, ಮೆಲ್ಲನೆ ಕಣ್ಣನ್ನು ಎಡಗಡೆಯ ಕಾಲಿಗೆ ಹೊರಳಿಸಿದಳು. ಅದೂ ಅದೇ ಮರದ್ದು.

"ರೀ, ಇದರೊಳಗೆ ಏನೇನು ತುಂಬಿದ್ದೀರಿ?"

ಬಡಗಿ ಮಾವನ ಮುಖ ನೋಡಿದ. ಮಾವನ ಕೈ ತಾನಾಗಿಯೇ ಸೊಂಟದ ಮೇಲೆ ಹೋಯಿತು.